ಸೀಟಿನಲ್ಲಿ ಯಾರೂ ಇಲ್ಲದ ಹೊತ್ತು

— ಕೇಬಲ್ ಒಂದು ನಾಲ್ಕು ಸುತ್ತು ಬಿಗಿ ಮಾಡಿ ಕೊಟ್ಟರೆ ಸಾಕು ಚಿಕ್ಕಪ್ಪ. ಹ್ಯಾಂಡ್ ಬ್ರೇಕ್ ಎಳೆದರೆ ಲಿವರು ಪೂರಾ ಮೇಲೆ ಬರುತ್ತದೆ, ಓಮ್ನಿ ಮಾತ್ರ ನಿಲ್ಲುವುದಿಲ್ಲ.

— ಫಿಟ್‌ನೆಸ್‌ಗೆ ಕೊಂಡುಹೋಗುವಾಗಲೂ ಕೇಬಲೇ ಬಿಗಿ ಮಾಡಿಸಿದ್ದಲ್ವಾ ನೀನು?

— ಹೌದು. ಎಲ್ಲರೂ ಮಾಡುವುದು ಅದನ್ನೇ.

— ಅದಕ್ಕೇ ನಾನು ಬೇಡ ಅನ್ನುವುದು. ಲಿವರು ಮೇಲೆ ಬಂದದ್ದು ಕೇಬಲ್ ಉದ್ದ ಆದದ್ದರಿಂದ ಅಂತ ಯಾಕೆ ತಿಳಿದುಕೊಳ್ಳಬೇಕು? ಕೇಬಲ್ ಹಿಗ್ಗುವುದು ಸ್ವಲ್ಪ. ಲೈನರ್ ಸವೆದು ಡ್ರಮ್ಮಿನಿಂದ ದೂರ ಸರಿದದ್ದೇ ಜಾಸ್ತಿ. ಆ ಅಂತರ ತುಂಬಿಸಲಿಕ್ಕೆ ಲಿವರು ಅಷ್ಟು ಮೇಲೆ ಬರಬೇಕಾಗುತ್ತದೆ. ನೀನು ಕೇಬಲ್ ಬಿಗಿ ಮಾಡಿದೆ ಅಂದರೆ, ಲಿವರು ಕೆಳಗೆ ಬಿಟ್ಟಾಗಲೂ ಡ್ರಮ್ಮಿನೊಳಗಿನ ತೋಳು ಅರ್ಧ ಎಳೆದುಕೊಂಡೇ ಇರುತ್ತದೆ. ಆಗ ಲೈನರ್ ಸವೆದ ಹಾಗೆ ಅಂತರ ತುಂಬಿಸುವ ಅಡ್ಜಸ್ಟರಿಗೆ ತನ್ನ ಕೆಲಸ ಮಾಡಲಿಕ್ಕೆ ಆಗುವುದಿಲ್ಲ. ಟೆಸ್ಟಿನ ದಿನ ಚೆನ್ನಾಗಿ ಹಿಡಿಯುತ್ತದೆ, ಸ್ವಲ್ಪ ಸಮಯ ಕಳೆದರೆ ಪುನಃ ಲಿವರು ಮೇಲೆ.

— ಹಿಡಿಯದಿದ್ದರೆ ಕಲ್ಲು ಉಂಟಲ್ಲ. ಪೈವಳಿಕೆಯಲ್ಲಿ ಸಮತಟ್ಟು ಜಾಗ ಯಾರ ಮನೆಯಲ್ಲಿ ಉಂಟು ಹೇಳಿ? ರಸ್ತೆ ಪದವಿನ ಮೇಲೆ, ಮನೆ ಕೆಳಗೆ ತೋಟದ ಬದಿಯಲ್ಲಿ. ಅಪ್ಪನ ಕಾಲದಿಂದ ನಾವು ಗೇರಿಗೆ ಹಾಕಿ, ಚಕ್ರಕ್ಕೆ ಮುರಕಲ್ಲಿನ ತುಂಡು ಕೊಟ್ಟೇ ಗಾಡಿ ನಿಲ್ಲಿಸುವುದು. ರಾತ್ರಿ ಇಡೀ ಅಲ್ಲಾಡುವುದಿಲ್ಲ.

— ರಾತ್ರಿಯದ್ದು ಬಿಡು. ಬೆಳಿಗ್ಗೆ ಶಾಲೆಯ ಟ್ರಿಪ್ಪಿನಲ್ಲಿ ನೀನು ಮಾಡುವುದು ಎಂತ? ಕುರುಡಪದವು ಕಡೆಯ ಏರಿನಲ್ಲಿ ಒಂದು ಗೇಟಿನ ಎದುರು ನಿಲ್ಲಿಸುತ್ತಿ. ಎಂಜಿನ್ ಓಡುತ್ತಾ ಇರುತ್ತದೆ, ಗೇರು ನ್ಯೂಟ್ರಲ್. ನೀನು ಇಳಿದು, ಆ ಬದಿಗೆ ಸುತ್ತಿ ಬಂದು, ಜಾರುಬಾಗಿಲು ಎಳೆಯುತ್ತಿ. ಒಂದನೇ ಕ್ಲಾಸಿನ ಮಗುವಿನ ಚೀಲ ತೆಗೆದುಕೊಳ್ಳುತ್ತಿ, ಕೊಡೆ ಮಡಚುತ್ತಿ, ಮಗುವನ್ನು ಎತ್ತಿ ಒಳಗೆ ಕೂರಿಸುತ್ತಿ. ಒಳಗೆ ಬೇರೆ ಮಕ್ಕಳು ಇರುತ್ತಾರೆ. ಆ ಅರ್ಧ ನಿಮಿಷ ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ. ಬ್ರೇಕಿನ ಮೇಲೆ ಯಾರ ಕಾಲೂ ಇಲ್ಲ. ಗೇರೂ ಇಲ್ಲ. ಪ್ರತಿ ಗೇಟಿನಲ್ಲಿ ಕಲ್ಲು ಹುಡುಕಿ ಇಡುತ್ತೀಯಾ?

— ಇಲ್ಲ. ಅಷ್ಟು ಹೊತ್ತು ಹ್ಯಾಂಡ್ ಬ್ರೇಕೇ.

— ಹಾಗಾದರೆ ಹ್ಯಾಂಡ್ ಬ್ರೇಕ್ ಇರುವುದು ಆ ಅರ್ಧ ನಿಮಿಷಕ್ಕೆ. ರಾತ್ರಿಗೆ ಕಲ್ಲು ಸಾಕು, ಹಗಲಿಗೆ ಸಾಲುವುದಿಲ್ಲ. ಲೆಕ್ಕವನ್ನೂ ನೋಡು. ಗಾಡಿ, ಮಕ್ಕಳು, ಚೀಲ ಎಲ್ಲ ಸೇರಿ 1000 ಕಿಲೊ ಅಂತ ಇಟ್ಟುಕೋ. 100 ಮೀಟರ್ ಮುಂದೆ ಹೋಗುವಾಗ 20 ಮೀಟರ್ ಏರುವ ದಾರಿ ಅಂತ ಇಟ್ಟುಕೋ, ನಮ್ಮ ತೋಟದ ದಾರಿಗಳಲ್ಲಿ ಅದು ದೊಡ್ಡ ಏರೇನಲ್ಲ. ಅಲ್ಲಿ ಗಾಡಿಯನ್ನು ಹಿಂದಕ್ಕೆ ಎಳೆಯುವ ಬಲ ಹತ್ತಿರ ಹತ್ತಿರ 196 ಕಿಲೊ ಭಾರದಷ್ಟು. ಅದನ್ನೆಲ್ಲ ತಡೆದು ನಿಲ್ಲಿಸುವುದು ಹಿಂದಿನ ಎರಡು ಚಕ್ರಗಳ ಒಳಗಿರುವ ನಾಲ್ಕು ತುಂಡು ಲೈನರ್. ಅಮೆರಿಕದಲ್ಲಿ, ಯುರೋಪಿನಲ್ಲಿ ಕಾರುಗಳ ಬ್ರೇಕಿಗೆ ನಿಯಮ ಮಾಡಿದವರು ಇದೇ ಏರನ್ನು ಲೆಕ್ಕಕ್ಕೆ ಹಿಡಿದಿದ್ದಾರೆ. ಭಾರ ತುಂಬಿದ ಗಾಡಿ ಹ್ಯಾಂಡ್ ಬ್ರೇಕ್ ಒಂದರಲ್ಲೇ 20 ಶೇಕಡ ಏರಿನಲ್ಲಿ ನಿಲ್ಲಬೇಕು, ಮೇಲೆ ಮುಖ ಮಾಡಿಯೂ ಕೆಳಗೆ ಮುಖ ಮಾಡಿಯೂ. ಅಮೆರಿಕದ ನಿಯಮದಲ್ಲಿ ಹಾಗೆ ಐದು ನಿಮಿಷ ನಿಲ್ಲಬೇಕು.

— ಸರಿ. ಬಿಚ್ಚುವ. ನೀವು ಹೇಳಿದ್ದು ಅಂತ ಉಪ್ಪಳದಿಂದ ಲೈನರ್ ಅಂಟಿಸಿದ ಹೊಸ ಶೂ ಸೆಟ್ ತಂದಿದ್ದೇನೆ.

— ಸ್ಪ್ರಿಂಗ್ ತಂದಿದ್ದೀಯಾ?

— ಸ್ಪ್ರಿಂಗ್ ಹಳೆಯದೇ ಆಗುತ್ತದೆ ಅಂದರು ಅಂಗಡಿಯಲ್ಲಿ.

— ಆ ಮಾತು ಡ್ರಮ್ಮು ಬಿಚ್ಚಿದ ಮೇಲೆ ಮಾತಾಡುವ. ಮೊದಲು ಕಲ್ಲು ಕೊಡು, ಮುಂದಿನ ಎರಡು ಚಕ್ರಕ್ಕೂ, ಮುಂದೆಯೂ ಹಿಂದೆಯೂ.

— ಈಗ ನೀವೇ ಕಲ್ಲು ಕೇಳುತ್ತೀರಿ!

— ಈ ಕೆಲಸಕ್ಕೆ ಕಲ್ಲು ಬೇಕೇ ಬೇಕು. ಯಾಕೆ ಅಂತ ಗೊತ್ತಿದ್ದರೆ ಮುಂದೆ ಟಯರ್ ಪಂಕ್ಚರ್ ಆದಾಗಲೂ ಉಪಯೋಗ ಉಂಟು. ಓಮ್ನಿಯಲ್ಲಿ ಎಂಜಿನಿನ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಹ್ಯಾಂಡ್ ಬ್ರೇಕ್ ಹಿಡಿಯುವುದೂ ಹಿಂದಿನ ಚಕ್ರವನ್ನೇ. ಅಂದರೆ ಗೇರಿಗೆ ಹಾಕಿದರೂ, ಹ್ಯಾಂಡ್ ಬ್ರೇಕ್ ಎಳೆದರೂ ಹಿಡಿತ ಅದೇ ಎರಡು ಚಕ್ರದಲ್ಲಿ. ಮುಂದಿನವು ಎರಡೂ ಸ್ವತಂತ್ರ. ಇನ್ನು ಒಂದು ಹಿಂದಿನ ಚಕ್ರವನ್ನು ಜಾಕಿಯಲ್ಲಿ ಎತ್ತಿದೆ ಅಂತ ಇಟ್ಟುಕೋ. ನಡುವೆ ಡಿಫರೆನ್ಷಿಯಲ್ ಉಂಟಲ್ಲ, ಅದು ಎತ್ತಿದ ಚಕ್ರವನ್ನು ಒಂದು ದಿಕ್ಕಿಗೆ ತಿರುಗಲು ಬಿಟ್ಟು, ನೆಲದಲ್ಲಿರುವ ಚಕ್ರವನ್ನು ಇನ್ನೊಂದು ದಿಕ್ಕಿಗೆ ಉರುಳಲು ಬಿಡುತ್ತದೆ. ಗೇರಿನಲ್ಲಿದ್ದರೂ ಗಾಡಿ ಜಾಕಿಯಿಂದ ಜಾರಿ ಹೋಗುತ್ತದೆ. ಡ್ರಮ್ಮು ಬಿಚ್ಚಬೇಕಾದರೆ ಹ್ಯಾಂಡ್ ಬ್ರೇಕನ್ನೂ ಬಿಡಲೇಬೇಕು. ಉಳಿದದ್ದು ಮುಂದಿನ ಚಕ್ರದ ಕಲ್ಲು ಮಾತ್ರ. ಅದಕ್ಕೇ ಅಂಗಳದಲ್ಲಿ ಮಾಡುವುದು, ದಾರಿಯ ಏರಿನಲ್ಲಿ ಅಲ್ಲ.

— ಇಷ್ಟು ವರ್ಷ ಯಾರೂ ಹೇಳಿರಲಿಲ್ಲ ಇದನ್ನು.

— ಚಕ್ರದ ನಟ್ಟುಗಳನ್ನು ನೆಲದಲ್ಲಿರುವಾಗಲೇ ಸಡಿಲ ಮಾಡು. ಆಮೇಲೆ ಆಕ್ಸಿಲಿನ ಅಡಿಗೆ ಜಾಕಿ, ಎತ್ತಿದ ಮೇಲೆ ಸ್ಟ್ಯಾಂಡು. ಜಾಕಿ ಎತ್ತಲಿಕ್ಕೆ ಮಾತ್ರ, ಹೊತ್ತುಕೊಂಡು ನಿಲ್ಲಲಿಕ್ಕೆ ಸ್ಟ್ಯಾಂಡೇ ಬೇಕು. ಈಗ ಲಿವರು ಪೂರಾ ಕೆಳಗೆ ಬಿಡು, ಕೇಬಲಿನ ನಟ್ಟನ್ನೂ ಸಡಿಲ ಮಾಡು. ನೀನು ಬಿಗಿ ಮಾಡಿಸಿದ್ದನ್ನೆಲ್ಲ ವಾಪಸು ಬಿಡು.

— ಡ್ರಮ್ಮು ಬರುವುದಿಲ್ಲ ಚಿಕ್ಕಪ್ಪ. ಬಡಿಯಲಾ?

— ಬಡಿಯಬೇಡ. ಬೀಡು ಕಬ್ಬಿಣ, ಒಡೆದೇ ಹೋಗಬಹುದು. ಮುಖದಲ್ಲಿ ಎರಡು ತೂತು ಕಾಣುತ್ತದಾ? ಅದರೊಳಗೆ ಮರೆ ಉಂಟು. ಎಂಟು ಎಂಎಂ ಬೋಲ್ಟು ಎರಡು ಹಾಕಿ, ಈ ಕಡೆ ಅರ್ಧ ಸುತ್ತು, ಆ ಕಡೆ ಅರ್ಧ ಸುತ್ತು ತಿರುಗಿಸುತ್ತಾ ಬಾ. ತನ್ನಷ್ಟಕ್ಕೆ ಹೊರಗೆ ಬರುತ್ತದೆ. ಹಾಗೂ ಬರದಿದ್ದರೆ ಒಳಗಡೆ ಸವೆದು ಅಂಚಿನಲ್ಲಿ ಏಣು ಎದ್ದಿರುತ್ತದೆ, ಲೈನರ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಆಗ ಶೂವನ್ನು ಒಳಗೆ ಸರಿಸಿ ತೆಗೆಯಬೇಕು.

— ಬಂತು. ಇಷ್ಟು ಧೂಳು! ಒಂದು ಸಲ ಊದಿ...

— ಊದಬೇಡ! ಗಾಳಿ ಪಂಪೂ ಹಿಡಿಯಬೇಡ. ಅದು ರಸ್ತೆಯ ಧೂಳಲ್ಲ, ಲೈನರಿನದ್ದು. ಹಿಂದೆ ಲೈನರಿಗೆ ಆಸ್ಬೆಸ್ಟಾಸ್ ಹಾಕುತ್ತಿದ್ದರು. ಯಾವುದರಲ್ಲಿ ಉಂಟು ಯಾವುದರಲ್ಲಿ ಇಲ್ಲ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಅದು ಒಮ್ಮೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನಾನು ಕೆಲಸ ಮಾಡುತ್ತಿದ್ದ ಶಾರ್ಜಾದ ಗ್ಯಾರೇಜಿನಲ್ಲಿ ನಮ್ಮ ಹುಡುಗರು ಮುಖಕ್ಕೆ ತಾಗುವ ಹಾಗೆ ಏರ್ ಹೊಡೆಯುತ್ತಿದ್ದರು. ನಾನು ಎಷ್ಟು ಬೈದರೂ ಕೇಳುತ್ತಿರಲಿಲ್ಲ, ನೆನೆದರೆ ಈಗಲೂ ಸಂಕಟ ಆಗುತ್ತದೆ. ಸಾಬೂನಿನ ನೀರು ಚಿಮುಕಿಸಿ ಧೂಳನ್ನು ಒದ್ದೆ ಮಾಡು, ಹಳೆ ಬಟ್ಟೆಯಲ್ಲಿ ಒರೆಸು, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಹಾಕು. ಪೆಟ್ರೋಲು ಡೀಸೆಲು ಬೇಡ, ಸಿಲಿಂಡರಿನ ರಬ್ಬರು ಹಾಳಾಗುತ್ತದೆ.

— ಒರೆಸಿದೆ.

— ಇನ್ನು ಒಂದು ಸಲ ಸುಮ್ಮನೆ ನೋಡು, ಮುಟ್ಟಬೇಡ. ಮೊಬೈಲಿನಲ್ಲಿ ಫೋಟೊ ತೆಗೆ. ಆ ಕಡೆಯ ಚಕ್ರವನ್ನು ಈಗ ಬಿಚ್ಚುವುದೇ ಇಲ್ಲ. ಜೋಡಿಸುವಾಗ ಸಂಶಯ ಬಂದರೆ ಒಂದು ಕಡೆ ಇದ್ದ ಹಾಗೇ ಇರಬೇಕು. ಕಾಣುವುದನ್ನು ಹೇಳು.

— ಎರಡು ಅರ್ಧಚಂದ್ರ ಶೂ. ಮೇಲೆ ಸಿಲಿಂಡರ್, ಅದರ ಹತ್ತಿರ ಒಂದು ಸ್ಪ್ರಿಂಗ್. ಕೆಳಗೆ ಒಂದು ಸ್ಪ್ರಿಂಗ್. ಪ್ರತಿ ಶೂವಿನ ಹೊಟ್ಟೆಯಲ್ಲಿ ಒಂದು ಪಿನ್ನು, ಅದರ ಮೇಲೆ ಸಣ್ಣ ಸ್ಪ್ರಿಂಗು, ವಾಷರು. ನಡುವೆ ಅಡ್ಡಕ್ಕೆ ಒಂದು ಪಟ್ಟಿ. ಹಿಂದಿನ ಶೂವಿಗೆ ಒಂದು ತೋಳು, ಅದರ ತುದಿಗೆ ಕೇಬಲ್.

— ಆ ತೋಳೇ ಹ್ಯಾಂಡ್ ಬ್ರೇಕ್. ಅದರ ಕೆಲಸ ಅಡಕತ್ತರಿಯ ಹಾಗೆ. ಒಂದು ತುದಿ ಶೂವಿಗೆ ಪಿನ್ ಹಾಕಿ ಕೂತಿದೆ, ಇನ್ನೊಂದು ತುದಿಯನ್ನು ಕೇಬಲ್ ಎಳೆಯುತ್ತದೆ, ಪಿನ್ನಿನ ಹತ್ತಿರ ಅಡ್ಡಪಟ್ಟಿ ಸಿಕ್ಕಿಕೊಂಡಿದೆ. ಎಳೆದಾಗ ಪಟ್ಟಿ ಮುಂದಿನ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ, ಅದರ ತಿರುಗೇಟಿಗೆ ಹಿಂದಿನ ಶೂವೂ ಹೋಗಿ ಒತ್ತುತ್ತದೆ. ನಿನ್ನ ಕೈಯ ಬಲ ಮೊದಲು ಲಿವರಿನಲ್ಲಿ ಹೆಚ್ಚಾಗುತ್ತದೆ, ಇಲ್ಲಿ ಇನ್ನೊಂದು ಸಲ ಹೆಚ್ಚಾಗುತ್ತದೆ. ಎಣ್ಣೆ ಇಲ್ಲ, ಗಾಳಿ ಇಲ್ಲ, ಎಂಜಿನ್ ಬೇಡ. ಎಣ್ಣೆಯ ಬ್ರೇಕ್ ಪೂರ್ತಿ ಕೈಕೊಟ್ಟರೂ ಇದು ಇರಬೇಕು ಅಂತಲೇ ಬೇರೆ ದಾರಿ ಮಾಡಿದ್ದು.

— ಆದರೆ ಶೂ ಒಂದೇ ಅಲ್ಲವಾ, ಕಾಲಿನದ್ದಕ್ಕೂ ಕೈಯದ್ದಕ್ಕೂ?

— ಓಮ್ನಿಯಲ್ಲಿ ಒಂದೇ. ಇಕೋದಲ್ಲೂ ಹಾಗೇ. ಮಾರುತಿ ವ್ಯಾನು ಅಂತ 1984ರಲ್ಲಿ ಬಂದದ್ದು, 1988ರಲ್ಲಿ ಓಮ್ನಿ ಆಯಿತು, 2019ರಲ್ಲಿ ನಿಲ್ಲಿಸಿದರು. ಅಷ್ಟು ವರ್ಷ ಹಿಂದಿನ ಬ್ರೇಕ್ ಡ್ರಮ್ಮೇ. ನಾನು ಶಾರ್ಜಾದಲ್ಲಿ ಹೆಚ್ಚು ಬಿಚ್ಚಿದ್ದು ಒಡಿಸ್ಸಿ, ಪ್ರೀವಿಯಾ ಅಂಥ ದೊಡ್ಡ ವ್ಯಾನುಗಳನ್ನು. ನನ್ನ ಕೈಗೆ ಬಂದವುಗಳಲ್ಲಿ ಹಿಂದೆಯೂ ಡಿಸ್ಕ್. ಡಿಸ್ಕಿನ ನಡುವೆ ಉಬ್ಬಿದ ಭಾಗ ಉಂಟಲ್ಲ, ಅದರ ಒಳಮೈಯೇ ಒಂದು ಸಣ್ಣ ಡ್ರಮ್ಮು. ಒಳಗೆ ಬಳೆಯಷ್ಟು ಸಪೂರದ ಎರಡು ಶೂ. ಅವು ಹ್ಯಾಂಡ್ ಬ್ರೇಕಿಗೆ ಮಾತ್ರ.

— ಹಾಗಾದರೆ ಅವು ಸವೆಯುವುದೇ ಇಲ್ಲ. ನಿಂತ ಗಾಡಿಯಲ್ಲಿ ಉಜ್ಜುವುದು ಎಲ್ಲಿಂದ?

— ಸರಿಯಾಗಿ ಹೇಳಿದೆ. ಎಳೆದುಕೊಂಡೇ ಓಡಿಸದಿದ್ದರೆ ಲೈನರ್ ಸವೆಯುವುದು ತೀರಾ ಕಡಿಮೆ. ಆದರೂ ಬದಲಿಸಲಿಕ್ಕೆ ಬರುತ್ತಿದ್ದವು. ಅಲ್ಲಿ ನೆಲ ಸಮತಟ್ಟು, ಗಾಡಿ ಆಟೊಮ್ಯಾಟಿಕ್. ‘ಪಿ’ಗೆ ಹಾಕಿ ಇಳಿದು ಹೋಗುತ್ತಾರೆ, ಹ್ಯಾಂಡ್ ಬ್ರೇಕ್ ಮುಟ್ಟುವವರೇ ಕಡಿಮೆ. ಕಡಲ ಬದಿಯ ಉಪ್ಪುಗಾಳಿಗೆ ಒಳಗೆಲ್ಲ ತುಕ್ಕು. ಕೇಬಲ್ ಕವಚದೊಳಗೆ ಹಿಡಿದುಕೊಳ್ಳುತ್ತದೆ. ಶೂವಿನ ತಗಡಿಗೂ ಅಂಟಿಸಿದ ಲೈನರಿಗೂ ನಡುವೆ ತುಕ್ಕು ಹೊಕ್ಕು, ದಪ್ಪ ಪೂರ್ತಿ ಇರುವ ಲೈನರೇ ಹಪ್ಪಳೆ ಎದ್ದು ಬರುತ್ತದೆ. ಸ್ಪ್ರಿಂಗ್ ತುಂಡಾಗಿ ಡ್ರಮ್ಮಿನೊಳಗೆ ತಿರುಗುತ್ತಾ ಇರುತ್ತದೆ. ಬಳಸಿ ಹಾಳಾದದ್ದಕ್ಕಿಂತ ಬಳಸದೆ ಹಾಳಾದದ್ದನ್ನೇ ಹೆಚ್ಚು ನೋಡಿದ್ದೇನೆ ಅಲ್ಲಿ. ಅದೂ ಅಲ್ಲದೆ ‘ಪಿ’ಯಲ್ಲಿ ಇಡೀ ಗಾಡಿಯ ಭಾರ ಬೀಳುವುದು ಗೇರ್‌ಬಾಕ್ಸಿನ ಒಂದು ಸಣ್ಣ ಕೊಕ್ಕೆಯ ಮೇಲೆ. ಈಗಿನ ದೊಡ್ಡ ಗಾಡಿಗಳಲ್ಲಂತೂ ಲಿವರೂ ಇಲ್ಲ, ಒಂದು ಬಟನ್, ಮೋಟರು. ಅದನ್ನು ಬಿಚ್ಚುವ ಮೊದಲು ಸರ್ವಿಸ್ ಮೋಡಿಗೆ ಹಾಕಬೇಕು, ಅದರ ಕತೆಯೇ ಬೇರೆ.

— ಈಗ ಇದು ನೋಡಿ. ಲೈನರ್ ಮುಂದಿನದ್ದು ಹೆಚ್ಚು ಸವೆದಿದೆ, ಹಿಂದಿನದ್ದು ಪರವಾಗಿಲ್ಲ.

— ಮುಂದೆ ಹೋಗುವಾಗ ಡ್ರಮ್ಮು ತಿರುಗುತ್ತಾ ಮುಂದಿನ ಶೂವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ, ಅದರಿಂದ ಅದಕ್ಕೇ ಕೆಲಸ ಜಾಸ್ತಿ. ಒಂದು ಮಿಲಿಮೀಟರ್ ಹತ್ತಿರ ಬಂದರೆ ಮತ್ತೆ ಲೆಕ್ಕ ಹಾಕುವುದು ಬೇಡ, ತೆಗೆಯುವುದೇ. ತೆಗೆಯುವುದಾದರೆ ನಾಲ್ಕೂ ಒಟ್ಟಿಗೆ. ಒಂದು ಚಕ್ರ ಹೊಸತು, ಒಂದು ಚಕ್ರ ಹಳತು ಆದರೆ ಮಳೆಯಲ್ಲಿ ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಸಿಲಿಂಡರಿನ ರಬ್ಬರ್ ಟೊಪ್ಪಿ ಸ್ವಲ್ಪ ಎತ್ತಿ ನೋಡು, ಒಳಗೆ ಒದ್ದೆ ಉಂಟಾ?

— ಇಲ್ಲ, ಒಣಗಿದೆ.

— ಬಚಾವು. ಎಣ್ಣೆ ಇದ್ದಿದ್ದರೆ ಸಿಲಿಂಡರೂ ಬದಲು. ಎಣ್ಣೆ ಕುಡಿದ ಲೈನರನ್ನು ಎಷ್ಟು ಉಜ್ಜಿದರೂ ಉಪಯೋಗ ಇಲ್ಲ. ಇನ್ನು ಶೂ ಕಳಚಿದ ಮೇಲೆ ಯಾರೂ ಪೆಡಲ್ ಮುಟ್ಟಬಾರದು, ಪಿಸ್ಟನ್ ಹೊರಗೆ ಹಾರುತ್ತದೆ. ಸೀಟಿನ ಮೇಲೆ ನಿನ್ನ ಮಗ ಹತ್ತಿ ಕೂತಿದ್ದಾನೆ, ಮೊದಲು ಅವನನ್ನು ಕೆಳಗೆ ಇಳಿಸು.

— ಇಳಿ ಮಗಾ, ಅಜ್ಜನ ಹತ್ತಿರ ಬಾ. ಸ್ಪ್ರಿಂಗ್ ಹೇಗೆ ತೆಗೆಯುವುದು?

— ಪಿನ್ನಿನದ್ದು ಮೊದಲು. ಒಂದು ಕೈ ಬೆರಳಿನಿಂದ ತಗಡಿನ ಹಿಂದೆ ಪಿನ್ನಿನ ತಲೆ ಹಿಡಿ, ಕಟ್ಟಿಂಗ್ ಪ್ಲೇಯರಿನಲ್ಲಿ ವಾಷರನ್ನು ಒತ್ತಿ ಕಾಲು ಸುತ್ತು ತಿರುಗಿಸು. ಪಿನ್ನಿನ ಚಪ್ಪಟೆ ತುದಿ ಸೀಳಿಗೆ ಸಮ ಬಂದ ಕೂಡಲೇ ಕಳಚುತ್ತದೆ. ಕಣ್ಣಿಗೆ ಕನ್ನಡಕ ಹಾಕಿಕೋ ಮಾರಾಯ್ತಿ, ಬಿಸಿಲಿನದ್ದಾದರೂ ಆದೀತು. ಸ್ಪ್ರಿಂಗ್ ಹಾರಿದರೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

— ಎಲ್ಲ ಬಿಚ್ಚಿತು. ಈ ಸ್ಪ್ರಿಂಗ್ ಸರಿಯೇ ಉಂಟಲ್ಲ ಚಿಕ್ಕಪ್ಪ? ತುಂಡಾಗಿಲ್ಲ, ಕೊಕ್ಕೆಯೂ ಉಂಟು.

— ತಾ ಇಲ್ಲಿ. ಮೇಲಿನ ಸ್ಪ್ರಿಂಗನ್ನು ಸಿಮೆಂಟು ನೆಲಕ್ಕೆ ಇಷ್ಟು ಎತ್ತರದಿಂದ ಬಿಡುತ್ತೇನೆ, ಕೇಳು.

— ‘ಟಿಣ್’ ಅಂತು.

— ಈಗ ನನ್ನ ಡಬ್ಬಿಯಲ್ಲಿ ಇದೇ ಜಾತಿಯ ಹೊಸತು ಒಂದು ಉಂಟು. ಇದನ್ನು ಬಿಡುತ್ತೇನೆ.

— ಇದು ‘ಟಪ್’ ಅಂತ ಬಿತ್ತು. ಶಬ್ದವೇ ಇಲ್ಲ.

— ಹೊಸ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಬಿದ್ದಾಗ ಕಂಪಿಸಲಿಕ್ಕೆ ಜಾಗ ಇಲ್ಲ, ಶಬ್ದ ಮಂದ. ಹಳತರ ಸುರುಳಿ ಹಿಗ್ಗಿ ನಡುವೆ ಸಂದು ಬಿದ್ದಿದೆ, ಅದಕ್ಕೇ ಟಿಣ್ ಅನ್ನುವುದು. ಬೆಳಕಿಗೆ ಹಿಡಿದು ನೋಡು, ಸುರುಳಿಗಳ ನಡುವೆ ಬೆಳಕು ಕಾಣುತ್ತದೆ. ಇನ್ನು ಕೊಕ್ಕೆ ನೋಡು, ಶೂವಿನ ತೂತಿಗೆ ಸಿಕ್ಕಿಸುವ ಕಡೆ ಒಳಬದಿ ಅರ್ಧ ಸವೆದಿದೆ. ನೀಲಿ ಬಣ್ಣ ತಿರುಗಿದ್ದು ಕಾಣುತ್ತದಾ? ಡ್ರಮ್ಮು ಬಿಸಿಯಾಗಿದೆ. ಯಾಕೆ ಬಿಸಿಯಾಯಿತು? ಈ ಸ್ಪ್ರಿಂಗಿಗೆ ಶೂವನ್ನು ವಾಪಸು ಎಳೆಯುವ ಶಕ್ತಿ ಸಾಲದೆ ಲೈನರ್ ಉಜ್ಜುತ್ತಲೇ ಇತ್ತು. ಬಿಗಿ ಮಾಡಿದ ಕೇಬಲೂ ಅದಕ್ಕೆ ಸೇರಿತು. ಬಿಸಿಗೆ ಸ್ಪ್ರಿಂಗ್ ಇನ್ನೂ ಸಡಿಲ, ಲೈನರಿನ ಮೈ ಕನ್ನಡಿಯ ಹಾಗೆ ನುಣುಪು. ನುಣುಪಾದ ಲೈನರ್ ಹಿಡಿಯುವುದಿಲ್ಲ.

— ಅಂದರೆ ನಾನು ಹೊಸ ಶೂ ಹಾಕಿ ಇದೇ ಸ್ಪ್ರಿಂಗ್ ಇಟ್ಟರೆ...

— ಹೊಸ ಶೂವೂ ಅದೇ ದಾರಿಗೆ ಹೋಗುತ್ತದೆ. ಜನ ಬ್ರೇಕ್ ಅಂದರೆ ಲೈನರ್ ಅಂತ ತಿಳಿಯುತ್ತಾರೆ. ಹಿಡಿಯುವುದು ಲೈನರ್, ಸರಿ. ಆದರೆ ಬಿಡಿಸುವುದು ಸ್ಪ್ರಿಂಗ್. ಶೂವನ್ನು ಅದರ ಜಾಗದಲ್ಲಿ ನಿಲ್ಲಿಸುವುದು ಆ ಸಣ್ಣ ಪಿನ್ನು, ವಾಷರು. ಪಿನ್ನಿನ ತಲೆ ತುಕ್ಕು ಹಿಡಿದು ಕಿತ್ತುಹೋದರೆ ಶೂ ಓರೆಯಾಗಿ ವಾಲುತ್ತದೆ. ಆ ತುಂಡು ಲೈನರಿಗೂ ಡ್ರಮ್ಮಿಗೂ ನಡುವೆ ಸಿಕ್ಕಿದರೆ ಓಡುವ ಚಕ್ರವೇ ಗಕ್ಕನೆ ಹಿಡಿದುಕೊಳ್ಳಬಹುದು. ಇವೆಲ್ಲ ಸೇರಿದ ಒಂದು ಕಿಟ್ಟಿನ ಬೆಲೆ ಶೂವಿನ ಬೆಲೆಗಿಂತ ತುಂಬಾ ಕಡಿಮೆ. ಅಂಗಡಿಯವರು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಕೆಲಸ ಪುನಃ ಮಾಡುವಾಗ ಮಾತ್ರ ಕೂಲಿ ಎರಡು ಸಲ ಕೊಡುತ್ತೇವೆ. ನಾನು ಶೂ ಬದಲಿಸಿದರೆ ಸ್ಪ್ರಿಂಗ್, ಪಿನ್ನು, ವಾಷರು ಬದಲಿಸದೆ ಡ್ರಮ್ಮು ಮುಚ್ಚುವುದಿಲ್ಲ. ಈ ಒಂದು ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.

— ಬೈಕಿನಲ್ಲಿ ಹೋಗಿ ತರುತ್ತೇನೆ. ಬೇರೆ ಎಂತ ಬೇಕು?

— ಎರಡೂ ಚಕ್ರಕ್ಕೆ ಸ್ಪ್ರಿಂಗ್ ಕಿಟ್. ಬ್ರೇಕಿನ ಗ್ರೀಸ್ ಒಂದು ಸಣ್ಣ ಪ್ಯಾಕೆಟ್; ಬೇರಿಂಗಿಗೆ ಹಾಕುವ ಗ್ರೀಸ್ ಬಿಸಿಗೆ ಕರಗಿ ಲೈನರಿಗೆ ಹರಿಯುತ್ತದೆ, ಅದು ಬೇಡ. ಎಮರಿ ಪೇಪರು ಒಂದು ತುಂಡು.

— ತಂದೆ. ಜೋಡಿಸುವ?

— ತಗಡಿನ ಮೇಲೆ ಶೂ ಉಜ್ಜಿ ಹೊಳೆಯುವ ಜಾಗಗಳು ಕಾಣುತ್ತವೆಯಲ್ಲ, ಅಲ್ಲಿ ತುಕ್ಕು ಕೆರೆದು ಒಂದೊಂದು ಚಿಟಿಕೆ ಗ್ರೀಸ್. ತೋಳಿನ ಪಿನ್ನಿಗೆ ಸ್ವಲ್ಪ. ಅಷ್ಟೇ, ಮೆತ್ತಬೇಡ. ಕೈ ತೊಳೆದ ಮೇಲೆ ಹೊಸ ಶೂ ಮುಟ್ಟು, ಲೈನರಿನ ಮೈಗೆ ಬೆರಳು ತಾಗಿಸಬೇಡ. ಹಳೆ ಶೂವಿನ ತೋಳನ್ನು ಬಿಚ್ಚಿ ಹೊಸದಕ್ಕೆ ಹಾಕು, ಲಾಕು ಸರಿಯಾಗಿ ಕೂತಿತಾ ನೋಡು. ಡ್ರಮ್ಮಿನ ಒಳಮೈಯನ್ನು ಎಮರಿಯಲ್ಲಿ ಅಡ್ಡಡ್ಡ ಉಜ್ಜಿ ನುಣುಪು ತೆಗೆ.

— ಅಡ್ಡಪಟ್ಟಿ ಯಾವ ಕಡೆಗೆ?

— ಫೋಟೊ ನೋಡು. ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಹಿಂದೆಯೂ ಡ್ರಮ್ಮೇ ಇರುವ ಕೆಲವು ದೊಡ್ಡ ವ್ಯಾನುಗಳಲ್ಲಿ ನಕ್ಷತ್ರದ ಚಕ್ರದಂಥ ಅಡ್ಜಸ್ಟರ್ ಇರುತ್ತದೆ, ಒಂದು ಕಡೆಯದ್ದಕ್ಕೆ ಬಲಮರೆ, ಇನ್ನೊಂದು ಕಡೆಯದ್ದಕ್ಕೆ ಎಡಮರೆ. ಅದಲುಬದಲಾದರೆ ತಾನೇ ಬಿಗಿಯಾಗುವ ಕಡೆ ತಾನೇ ಸಡಿಲ ಆಗುತ್ತಾ ಹೋಗುತ್ತದೆ.

— ಸ್ಪ್ರಿಂಗ್ ಎಳೆಯಲಿಕ್ಕೆ ಬರುವುದಿಲ್ಲ. ತುಂಬಾ ಬಿಗಿ.

— ಬಿಗಿ ಇರಲೇಬೇಕು, ಅದೇ ಅದರ ಗುಣ. ಎರಡು ಶೂವನ್ನೂ ಮೇಲಿನ ಸ್ಪ್ರಿಂಗಿನೊಟ್ಟಿಗೆ ಹೊರಗೇ ಜೋಡಿಸಿ, ಪಟ್ಟಿಯನ್ನು ನಡುವೆ ಇಟ್ಟು, ಇಡೀ ಜೋಡಿಯನ್ನು ಅಗಲಿಸಿ 
ಸಿಲಿಂಡರಿಗೆ ಕೂರಿಸು. ಕೆಳಗಿನ ಸ್ಪ್ರಿಂಗ್ ಆಮೇಲೆ. ಸ್ಕ್ರೂ ಡ್ರೈವರಿನಿಂದ ಮೀಟುವಾಗ ಕೊಕ್ಕೆಗೆ ಗೀರು ಬೀಳಿಸಬೇಡ, ಗೀರು ಬಿದ್ದಲ್ಲೇ ಮುಂದೆ ತುಂಡಾಗುವುದು. ಹಾ, ಕೂತಿತು. ಇನ್ನು ಡ್ರಮ್ಮು ಹಾಕಿ ತಿರುಗಿಸು.

— ಸಲೀಸು ತಿರುಗುತ್ತದೆ.

— ಪೆಡಲನ್ನು ಕೆಲವು ಸಲ ನಿಧಾನ ಒತ್ತಿ ಬಿಡು, ಶೂ ಮಧ್ಯಕ್ಕೆ ಬರುತ್ತದೆ, ಅಡ್ಜಸ್ಟರ್ ಹಲ್ಲು ಹತ್ತುತ್ತದೆ. ಈಗ ತಿರುಗಿಸು. ‘ಸರ್’ ಅಂತ ತುಸು ತಾಗುವ ಶಬ್ದ ಬಂತಲ್ಲ, ಅಷ್ಟು ಸಾಕು. ಟೊಯೊಟಾದ ವ್ಯಾನುಗಳಲ್ಲಾದರೆ ನಕ್ಷತ್ರವನ್ನು ಡಿಸ್ಕ್ ತಿರುಗದಷ್ಟು ಬಿಗಿ ಮಾಡಿ, ಆಮೇಲೆ ಎಂಟು ಹಲ್ಲು ವಾಪಸು ಬಿಡುವುದು ಕ್ರಮ. ಎಲ್ಲ ಗಾಡಿಯಲ್ಲೂ ಕ್ರಮ ಒಂದೇ: ಮೊದಲು ಶೂ, ಕೊನೆಗೆ ಕೇಬಲ್. ಆ ಕಡೆಯ ಚಕ್ರ ನೀನೇ ಮಾಡು, ನಾನು ನೋಡುತ್ತೇನೆ.

— ಮಾಡುತ್ತೇನೆ. ಆದರೆ ಒಂದು ಮಾತು. ಕಲ್ಲು ಇಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಜೂನ್ ಜುಲೈ ಮಳೆಗೆ ಹ್ಯಾಂಡ್ ಬ್ರೇಕ್ ಎಳೆದು ಇಟ್ಟರೆ ಬೆಳಿಗ್ಗೆ ಚಕ್ರ ಬಿಡುವುದಿಲ್ಲ. ಫಸ್ಟ್ ಗೇರಿನಲ್ಲಿ ಜಗ್ಗಬೇಕು, ‘ಟಕ್’ ಅಂತ ಬಿಡುತ್ತದೆ. ಅದಕ್ಕೆ ಹೆದರಿಯೇ ಎಷ್ಟೋ ಜನ ಮಳೆಗಾಲದಲ್ಲಿ ಮುಟ್ಟುವುದಿಲ್ಲ. ಅದು ಸುಳ್ಳಾ?

— ಸುಳ್ಳಲ್ಲ. ಒದ್ದೆ ಡ್ರಮ್ಮಿಗೆ ರಾತ್ರಿ ತುಕ್ಕು ಹತ್ತುತ್ತದೆ, ಲೈನರಿನಲ್ಲೂ ಲೋಹದ ಚೂರು ಇರುತ್ತದೆ, ಎರಡೂ ಅಂಟಿಕೊಳ್ಳುತ್ತವೆ. ಜಗ್ಗಿದರೆ ಲೈನರೇ ಎದ್ದು ಬರಬಹುದು. ನಾನು ಅದಕ್ಕೆ ಇಲ್ಲ ಅನ್ನುವುದಿಲ್ಲ. ರಾತ್ರಿಗೆ, ಇಲ್ಲವೆ ನಾಲ್ಕು ದಿನ ಗಾಡಿ ತೆಗೆಯುವುದಿಲ್ಲ ಅಂತಾದರೆ, ನಿನ್ನ ಗೇರು ಮತ್ತು ಕಲ್ಲೇ ಒಳ್ಳೆಯದು. ಕಲ್ಲು ಮುಂದಿನ ಚಕ್ರಕ್ಕೆ ಕೊಡು. ಹಿಂದಿನದ್ದನ್ನು ಗೇರು ಹಿಡಿದಿರುತ್ತದೆ, ಆಗ ಹಾವಸೆ ಕಟ್ಟಿದ ಕಾಂಕ್ರೀಟಿನಲ್ಲಿ ಹಿಂದಿನ ಟಯರ್ ಜಾರಿದರೂ ಮುಂದೆ ತಡೆ ಉಂಟು. ಮನೆ ಹತ್ತಿರ ಬರುವಾಗ ಪೆಡಲನ್ನು ಸ್ವಲ್ಪ ಒತ್ತಿ ಹಿಡಿದು ಒಂದಷ್ಟು ದೂರ ಬಾ, ಡ್ರಮ್ಮು ಬಿಸಿಯಾಗಿ ಒಣಗುತ್ತದೆ. ಆದರೆ ಹಗಲು ಪ್ರತಿ ಗೇಟಿನಲ್ಲೂ ಹ್ಯಾಂಡ್ ಬ್ರೇಕೇ ಎಳೆಯಬೇಕು, ಮಳೆ ಇರಲಿ ಬಿಸಿಲಿರಲಿ. ಅರ್ಧ ನಿಮಿಷದಲ್ಲಿ ಯಾವುದೂ ಅಂಟುವುದಿಲ್ಲ. ದಿನಾ ಎಳೆದು ಬಿಟ್ಟರೆ ಕೇಬಲೂ ಹಿಡಿದುಕೊಳ್ಳುವುದಿಲ್ಲ.

— ಬಲದ್ದೂ ಆಯಿತು. ಸ್ಪ್ರಿಂಗ್ ಅಲ್ಲಿಯದ್ದೂ ಟಿಣ್ ಅಂದಿತು, ನಾನು ಬಿಟ್ಟು ನೋಡಿದೆ. ಕೇಬಲ್?

— ಈಗ ನಟ್ಟು ಬಿಗಿ ಮಾಡುತ್ತಾ ಬಾ. ಲಿವರು ಒಂದು ‘ಕಟ್’ ಎಳೆದಾಗ ಎರಡೂ ಚಕ್ರ ತಿರುಗುತ್ತಿರಬೇಕು. ಐದಾರಕ್ಕೆ ಎರಡೂ ಒಟ್ಟಿಗೆ ಹಿಡಿಯಬೇಕು. ಪೂರ್ತಿ ಬಿಟ್ಟಾಗ ಎರಡೂ ಸಲೀಸು. ಒಂದು ಹಿಡಿದು ಇನ್ನೊಂದು ಹಿಡಿಯದಿದ್ದರೆ ಆ ಕಡೆಯ ಕೇಬಲ್ ಕವಚದೊಳಗೆ ತುಕ್ಕು ಅಂತ ಲೆಕ್ಕ, ಅದನ್ನೂ ಬದಲಿಸಬೇಕು.

— ಐದಕ್ಕೆ ಎರಡೂ ನಿಂತವು.

— ಇಳಿಸು. ನಟ್ಟು ಬಿಗಿ ಮಾಡು. ಇನ್ನು ದಾರಿಯ ಏರಿಗೆ ಹೋಗಿ ನೋಡುವ. ಮೊದಲು ಮೇಲೆ ಮುಖ ಮಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಲಿವರು ಎಳೆದು, ಪೆಡಲಿನಿಂದ ಕಾಲು ಮೆಲ್ಲ ತೆಗೆ. ಕಾಲು ಪೆಡಲಿನ ಹತ್ತಿರವೇ ಇರಲಿ. ಆಮೇಲೆ ಗಾಡಿ ತಿರುಗಿಸಿ ಕೆಳಮುಖ.

— ಎರಡು ಸಲ ಯಾಕೆ?

— ಮೇಲ್ಮುಖ ಇದ್ದಾಗ ಗಾಡಿ ಹಿಂದಕ್ಕೆ ಉರುಳಲು ನೋಡುತ್ತದೆ, ಆಗ ಡ್ರಮ್ಮು ತನ್ನೊಳಗೆ ಎಳೆದುಕೊಳ್ಳುವುದು ಹಿಂದಿನ ಶೂವನ್ನು. ಕೆಳಮುಖದಲ್ಲಿ ಮುಂದಿನದ್ದನ್ನು. ಎರಡು ಕಡೆಗೂ ನಿಂತರೆ ನಾಲ್ಕು ಲೈನರೂ ಕೆಲಸ ಮಾಡುತ್ತವೆ ಅಂತ ಗೊತ್ತಾಯಿತು. ಅದೂ ಅಲ್ಲದೆ ಕೆಳಮುಖದಲ್ಲಿ ಭಾರ ಮುಂದಿನ ಚಕ್ರಕ್ಕೆ ಹೋಗುತ್ತದೆ, ಹಿಂದಿನ ಟಯರಿಗೆ ನೆಲದ ಹಿಡಿತ ಕಡಿಮೆ. ಮಕ್ಕಳನ್ನು ಇಳಿಸುವಾಗ ನಿನಗೆ ಆಯ್ಕೆ ಇದ್ದರೆ ಇದು ನೆನಪಿರಲಿ.

— ಮೇಲ್ಮುಖ ನಿಂತಿತು. ಕೆಳಮುಖವೂ ನಿಂತಿತು, ಒಂದು ‘ಕಟ್’ ಜಾಸ್ತಿ ಬೇಕಾಯಿತು.

— ಹೊಸ ಲೈನರ್ ಡ್ರಮ್ಮಿನ ಮೈಗೆ ಇನ್ನೂ ಪೂರಾ ಕೂತಿಲ್ಲ. ಓಮ್ನಿಯಲ್ಲಿ ಪೆಡಲಿಗೂ ಅದೇ ಶೂ ಆದ ಕಾರಣ ಓಡಿಸುತ್ತಾ ಸರಿಯಾಗುತ್ತದೆ. ನಂದಾರಪದವಿನಿಂದ ಚೇವಾರಿಗೆ ಬರುವ ಮಲೆನಾಡು ಹೆದ್ದಾರಿಯಲ್ಲಿ ಹಿಂದೆ ಮುಂದೆ ಗಾಡಿ ಇಲ್ಲದ ಹೊತ್ತಿಗೆ ಮೆಲ್ಲ ಮೆಲ್ಲ ಬ್ರೇಕ್ ಒತ್ತಿ ವೇಗ ಇಳಿಸು, ಪುನಃ ಏರಿಸು. ಮೊದಲ ಕೆಲವು ದಿನ ಗಕ್ಕನೆ ಒತ್ತಬೇಡ. ದೊಡ್ಡ ವ್ಯಾನುಗಳ ಸಪೂರ ಶೂವಿಗೆ ಹೀಗಾಗುವುದಿಲ್ಲ, ಅವನ್ನು ಬೇಕೆಂದೇ ಉಜ್ಜಿಸಬೇಕು. ಟೊಯೊಟಾದವರು ಹೇಳುವುದು, 50 ಕಿಲೊಮೀಟರ್ ವೇಗದಲ್ಲಿ ಹೋಗುತ್ತಾ, ಲಿವರಿನ ಬಟನ್ ಒತ್ತಿ ಹಿಡಿದೇ ಹಗುರಕ್ಕೆ ಎಳೆದು, ಸುಮಾರು 400 ಮೀಟರ್. ತಣ್ಣಗಾಗಲು ಬಿಟ್ಟು ಇನ್ನೊಮ್ಮೆ. ಹೊಸ ಶೂ ಹಾಕಿ ಅದನ್ನು ಮಾಡದೆ ಕೊಟ್ಟ ಗಾಡಿ ವಾಪಸು ಬರುತ್ತದೆ, ಹಿಡಿಯುವುದಿಲ್ಲ ಅಂತ.

— ಚಿಕ್ಕಪ್ಪ, ಬಾಯಾರು ಕಡೆಯಿಂದ ಮಕ್ಕಳನ್ನು ತರುವ ಇಬ್ಬರ ಗಾಡಿಯೂ ನನ್ನದರ ಹಾಗೇ. ಒಂದು ಓಮ್ನಿ, ಒಂದು ಇಕೋ. ಅವರೂ ಕೇಬಲೇ ಬಿಗಿ ಮಾಡಿಸುತ್ತಿರುವುದು.

— ಶಾಲೆ ಸುರುವಾಗಲಿಕ್ಕೆ ಇನ್ನು ಎಷ್ಟು ದಿನ ಉಂಟು? ಜೂನ್ ಆರಂಭಕ್ಕೆ ಅಲ್ವಾ? ಮಳೆ ಹಿಡಿಯುವ ಮೊದಲು ತರಲಿಕ್ಕೆ ಹೇಳು. ಒಂದು ದಿನಕ್ಕೆ ಒಂದೇ ಗಾಡಿ, ಬೆಳಿಗ್ಗೆ ಬೇಗ. ಬಿಸಿಲು ಏರಿದ ಮೇಲೆ ನನಗೆ ನೆಲದಲ್ಲಿ ಕೂರಲಿಕ್ಕೆ ಆಗುವುದಿಲ್ಲ. ಕೂಲಿಯ ಮಾತು ಬೇಡ. ಶೂ ಸೆಟ್ ಅವರು ತರಲಿ. ಸ್ಪ್ರಿಂಗ್ ಕಿಟ್ ಇಲ್ಲದೆ ಬಂದರೆ ಮಾತ್ರ ಚಕ್ರ ಬಿಚ್ಚುವುದಿಲ್ಲ ಅಂತ ಹೇಳಿಬಿಡು.